ಹೆಪ್ಪಿಗೂ ವೈರಸ್ ಕಾಟ!

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬ್ಬು, ಭತ್ತದ ಜೊತೆಗೆ ಹಾಲೂ ಸಂಸಾರ ನಡೆಸುತ್ತೆ. ಡೇರಿಗೆ ಹಾಕಿ ಉಳಿದ ಹಾಲಿಗೆ ರಾತ್ರಿ ಹೆಪ್ಪು ಹಾಕಿದರೆ ಬೆಳಗ್ಗೆ ಗಟ್ಟಿ ಮೊಸರು. ಈ ಕೆಲಸ ಮಾಡೋದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ. ಒಮ್ಮೊಮ್ಮೆ ಮೊಸರು ಕೂರೋದೇ ಇಲ್ಲ. ಚಳಿ ಇರಬಹುದು, ಹಸುವಿಗೆ ಕೊಟ್ಟ ಆ್ಯಂಟಿಬಯಾಟಿಕ್ ಹಾಲಿಗೆ ಇಳಿದಿರಬಹುದು. ದೊಡ್ಡ ಡೇರಿಗಳನ್ನು ಕಾಡುವ ಇನ್ನೊಂದು ಕಾರಣವಿದೆ: ಬ್ಯಾಕ್ಟೀರಿಯಾಕ್ಕೇ ತಗಲುವ ವೈರಸ್. ಅದರ ಹೆಸರು ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್. ಮನುಷ್ಯರ ಜೀವಕೋಶಕ್ಕೆ ಅದು ಸೋಂಕು ತರಲ್ಲ.

ಗುಮಾಸ್ತ ಯಾರವನು?

ತಾಲ್ಲೂಕು ಕಚೇರಿಯ ಮೂಲ ದಾಖಲೆ ಹೊರಗೆ ಬರೋದಿಲ್ಲ. ಬೇಕಾದ ಪುಟದ ನಕಲು ತೆಗೆಸಬೇಕು. ಬ್ಯಾಕ್ಟೀರಿಯಾದಲ್ಲೂ ಹಾಗೇ. ಡಿಎನ್‌ಎ ಮೂಲ ದಾಖಲೆ, ಆರ್‌ಎನ್‌ಎ ಅದರ ನಕಲು. ನಕಲು ನೋಡಿಕೊಂಡೇ ಪ್ರೋಟೀನ್ ತಯಾರಾಗುತ್ತೆ. ನಕಲು ಬರೆಯುವ ಗುಮಾಸ್ತ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಬಹುತೇಕ ಫೇಜ್‌ಗಳು ತಮ್ಮ ದಾಖಲೆಯನ್ನು ಮಾತ್ರ ಒಳಗೆ ತೂರಿಸಿ, ಬ್ಯಾಕ್ಟೀರಿಯಾದ ಗುಮಾಸ್ತನಿಂದಲೇ ನಕಲು ಬರೆಸುತ್ತವೆ.

ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಗಲುವ ಟಿ7 ಫೇಜ್ ಇನ್ನೂ ಚಾಲಾಕಿ. ಮೊದಲು ಮನೆಯ ಗುಮಾಸ್ತನಿಂದಲೇ ತನ್ನ ಸ್ವಂತ ಗುಮಾಸ್ತನನ್ನು ತಯಾರಿಸುವ ನಕಲು ಬರೆಸುತ್ತೆ. ಆಮೇಲೆ ಇನ್ನೊಂದು ಪ್ರೋಟೀನ್ ಕಳಿಸಿ ಹಳೆಯವನ ಕೈ ಕಟ್ಟಿಹಾಕುತ್ತೆ. ಹೊಸಬ ಹಳೆಯವನಿಗಿಂತ ಸುಮಾರು ಐದು ಪಟ್ಟು ವೇಗ. ಅರ್ಧ ಗಂಟೆಯೊಳಗೆ ಬ್ಯಾಕ್ಟೀರಿಯಾ ಒಡೆದು ಫೇಜ್ ಮರಿಗಳು ಹೊರಗೆ!

ಬೆಂಗಳೂರಿನಲ್ಲಿ ಬಿಡಿಸಿದ ಒಗಟು

ಎಲ್ಲಾ ನಕಲನ್ನೂ ಒಟ್ಟಿಗೆ ತೆಗೆಸಿದರೆ ಫೇಜ್‌ಗೇ ನಷ್ಟ. ಮ್ಯೂ ಎಂಬ ಫೇಜ್‌ನಲ್ಲಿ 'ಮಾಮ್' ಅನ್ನೋ ಜೀನ್ ಇದೆ. ಅದರ ಪ್ರೋಟೀನ್ ಫೇಜ್ ಡಿಎನ್‌ಎಗೆ ಗುರುತು ಹಾಕಿ, ಮುಂದೆ ಹೊಕ್ಕುವ ಬ್ಯಾಕ್ಟೀರಿಯಾದ 'ಕತ್ತರಿ'ಗಳಿಂದ ಕಾಪಾಡುತ್ತೆ. ಆದರೆ ಅದು ಮನೆ ಕೊಟ್ಟ ಬ್ಯಾಕ್ಟೀರಿಯಾಕ್ಕೇ ವಿಷ. ಬೇಗ ಬಂದರೆ ಮರಿಗಳು ಸಿದ್ಧವಾಗೋ ಮೊದಲೇ ಮನೆ ಹಾಳು.

ಈ ಜೀನ್ ಸರಿಯಾದ ಹೊತ್ತಿಗೆ ಹೇಗೆ ತೆರೆಯುತ್ತೆ ಅನ್ನೋದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಗುಮಾಸ್ತ ಕೂರಲು ಡಿಎನ್‌ಎ ಮೇಲೆ ಎರಡು ಗುರುತುಗಳು ಬೇಕು. ಅವುಗಳ ನಡುವೆ 17 ಅಕ್ಷರ ಇದ್ದರೆ ಚೆನ್ನ, ಇಲ್ಲಿ 19. ಹಾಗಾಗಿ ಅವನು ಕೂರಲಾರ. ಮಧ್ಯದ ಹಂತದಲ್ಲಿ ಹುಟ್ಟುವ ಫೇಜ್‌ನ 'ಸಿ' ಪ್ರೋಟೀನ್ ಬಂದು ಡಿಎನ್‌ಎ ಹುರಿಯನ್ನು ಕೊಂಚ ಸಡಿಲಿಸಿದಾಗ ಎರಡೂ ಗುರುತು ನೇರಕ್ಕೆ ಬರುತ್ತವೆ, ಬರವಣಿಗೆ ಶುರುವಾಗುತ್ತೆ.

ನಮಗೇನು ಲಾಭ?

ಕೋವಿಡ್ ಕಾಲದಲ್ಲಿ ಫೈಝರ್, ಮಾಡರ್ನಾ ಕಂಪನಿಗಳ ಎಂಆರ್‌ಎನ್‌ಎ ಲಸಿಕೆ ಕೇಳಿದ್ದೀರಲ್ಲ? ಅದರ ಆರ್‌ಎನ್‌ಎ ಬರೆದಿದ್ದು ಇದೇ ಟಿ7 ಗುಮಾಸ್ತ! ಕಳ್ಳನ ಕೈಚಳಕ ಕೋಟ್ಯಂತರ ಜನರ ರಕ್ಷಣೆಗೆ ಬಂತು.

ಮೊಸರಿಗೂ ಒಂದು ಪಾಠವಿದೆ. ಒಂದು ಜಾತಿಯ ಫೇಜ್ ಎಲ್ಲಾ ಬ್ಯಾಕ್ಟೀರಿಯಾಕ್ಕೂ ತಗಲಲ್ಲ. ಅದಕ್ಕೇ ಡೇರಿಗಳು ಹೆಪ್ಪನ್ನು ಆಗಾಗ ಬದಲಿಸುತ್ತವೆ. ನಿಮ್ಮ ಮನೆಯಲ್ಲೂ ಹೆಪ್ಪು ಪದೇ ಪದೇ ಕೈಕೊಟ್ಟರೆ ಪಾತ್ರೆಯನ್ನು ಕುದಿನೀರಲ್ಲಿ ತೊಳೆದು, ಪಕ್ಕದ ಮನೆಯಿಂದ ಒಂದು ಚಮಚ ಹೊಸ ಹೆಪ್ಪು ತನ್ನಿ.