ನೀಲಿ ಕಂಡಿದ್ದೆಲ್ಲ ನೀರಲ್ಲ

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ಭೂಮಿಯ ಮೇಲಿನ ವ್ಯವಹಾರಕ್ಕೆ. ಆದರೆ ಆ ಮಾತು ಆಕಾಶಕ್ಕೂ ಸಲ್ಲುತ್ತೆ. ಹೇಗೆ ಅಂತೀರಾ?

ಎಚ್‌ಡಿ 189733 ಬಿ. ಇದೇನು ಗಾಡಿ ನಂಬರ್ರಾ ಅಂದುಕೊಳ್ಳಬೇಡಿ. ಇದೊಂದು ಗ್ರಹದ ಹೆಸರು. ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿ ಬೇರೊಂದು ನಕ್ಷತ್ರವನ್ನು ಸುತ್ತುತ್ತಿದೆ. ಪತ್ತೆಯಾಗಿದ್ದು 2005ರಲ್ಲಿ. 2013ರಲ್ಲಿ ಹಬಲ್ ದೂರದರ್ಶಕದ ನೆರವಿನಿಂದ ವಿಜ್ಞಾನಿಗಳು ಅದರ ಬಣ್ಣವನ್ನೂ ಹೇಳಿದರು. ಕಡು ನೀಲಿ!

ನೀಲಿ ಅಂದ ತಕ್ಷಣ ಮನಸ್ಸಿಗೆ ಬರೋದು ಸಮುದ್ರ. ನೀರಿದ್ದರೆ ಜೀವ. ಸರಿ, ಇನ್ನೊಂದು ಭೂಮಿ ಸಿಕ್ಕೇಬಿಡ್ತು. ಹಾಗಾದರೆ ಬನ್ನಿ, ಒಮ್ಮೆ ಇಳಿದು ನೋಡೋಣ.

ಇಳಿಯೋದೆಲ್ಲಿಗೆ ಸ್ವಾಮಿ? ಕಾಲೂರೋಕೆ ನೆಲವೇ ಇಲ್ಲ. ಅದು ಗುರುಗ್ರಹಕ್ಕಿಂತ ತುಸು ದೊಡ್ಡದಾದ ಅನಿಲದ ಉಂಡೆ. ಭೂಮಿಗೂ ಸೂರ್ಯನಿಗೂ ಇರುವ ಅಂತರದ ಮೂವತ್ತರಲ್ಲಿ ಒಂದು ಪಾಲಿನಷ್ಟು ದೂರದಲ್ಲಿ ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುತ್ತದೆ. ಅಲ್ಲಿ ಒಂದು ವರ್ಷ ಅಂದ್ರೆ ನಮ್ಮ 2.2 ದಿನ. ಸೋಮವಾರ ಬೆಳಗ್ಗೆ ಯುಗಾದಿ ಮಾಡಿದರೆ ಬುಧವಾರ ಮಧ್ಯಾಹ್ನ ಮತ್ತೆ ಯುಗಾದಿ. ಒಂದು ಮುಖಕ್ಕೆ ಸದಾ ಹಗಲು, ಇನ್ನೊಂದಕ್ಕೆ ಮುಗಿಯದ ರಾತ್ರಿ. ಬಿಸಿ ಸುಮಾರು 1000 ಡಿಗ್ರಿ ಸೆಲ್ಸಿಯಸ್. ಗಾಳಿಯ ವೇಗ ಗಂಟೆಗೆ 7000 ಕಿಲೋಮೀಟರ್‌ಗೂ ಹೆಚ್ಚು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ ಅಂತಲೂ ತೋರಿಸಿತು. ಅಂದ್ರೆ, ಕೊಳೆತ ಮೊಟ್ಟೆಯ ವಾಸನೆ!

ಹಾಗಾದ್ರೆ ಆ ನೀಲಿ? ಅದು ನೀರಿನದಲ್ಲ. ಮರಳು, ಗಾಜಿನಲ್ಲಿರುವಂಥ ಸಿಲಿಕೇಟ್ ಕಣಗಳು ಆ ವಾತಾವರಣದಲ್ಲಿ ತೇಲುತ್ತಾ ನೀಲಿ ಬೆಳಕನ್ನು ಚದುರಿಸುತ್ತವೆ ಅನ್ನೋದು ವಿಜ್ಞಾನಿಗಳ ತರ್ಕ. ಆ ಶಾಖಕ್ಕೆ ಅವು ಗಾಜಿನ ಹನಿಗಳಾಗಬಹುದು. ಮಳೆ ಬಂದರೂ ಮೇಲಿಂದ ಕೆಳಗಲ್ಲ, ಗಾಳಿಯ ಹೊಡೆತಕ್ಕೆ ಅಡ್ಡಡ್ಡ. ಕೊಡೆ ಹಿಡಿದು ಏನು ಪ್ರಯೋಜನ?

ಅಷ್ಟು ದೂರದ ಬಣ್ಣ ಗೊತ್ತಾಗಿದ್ದು ಹೇಗೆ? ಉಪಾಯ ಸರಳ. ಗ್ರಹ ತನ್ನ ನಕ್ಷತ್ರದ ಹಿಂದೆ ಮರೆಯಾದಾಗ ನಮಗೆ ತಲುಪುವ ಒಟ್ಟು ಬೆಳಕಿನಲ್ಲಿ ಯಾವ ಬಣ್ಣ ಕಡಿಮೆಯಾಯ್ತು ಅಂತ ಅಳೆದರು. ನೀಲಿ ಕೊಂಚ ಇಳಿದಿತ್ತು. ಹಸಿರಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕಾಣೆಯಾದ ನೀಲಿಯೇ ಗ್ರಹದ ಬಣ್ಣ.

ಅಂದ್ರೆ, ಟಿವಿಯಲ್ಲಿ ನೀವು ನೋಡುವ ಆ ಮುದ್ದಾದ ನೀಲಿ ಚೆಂಡು ಫೋಟೋ ಅಲ್ಲ, ಕಲಾವಿದ ಬಿಡಿಸಿದ ಚಿತ್ರ. ವಿಜ್ಞಾನಿಗಳ ಕೈಯಲ್ಲಿದ್ದದ್ದು ಬೆಳಕಿನ ಒಂದು ಸಣ್ಣ ಏರಿಳಿತ ಅಷ್ಟೇ. ಅಷ್ಟರಿಂದಲೇ ಇಷ್ಟು ತಿಳಿದರಲ್ಲ, ಅದು ನಿಜವಾದ ಅಚ್ಚರಿ.

ಹಾಗಾಗಿ ‘ಇನ್ನೊಂದು ಭೂಮಿ ಪತ್ತೆ’ ಅಂತ ಯಾವುದಾದರೂ ಪರದೆ ಕೂಗಿದಾಗ, ಅದು ನಮ್ಮದೇ ಪರದೆಯಾಗಿರಲಿ, ಮೂರೇ ಪ್ರಶ್ನೆ ಕೇಳಿ. ನೆಲ ಇದೆಯಾ? ಬಿಸಿ ಎಷ್ಟು? ಗಾಳಿಯಲ್ಲಿ ಏನಿದೆ? ಬಣ್ಣದ ವಿಚಾರ ಆಮೇಲೆ ನೋಡಿದರಾಯ್ತು.