ನಾವಿಕರ ಸಹಿತ ಬಾಡಿಗೆ ನೌಕೆ: ವರ್ಜಿನ್ ದ್ವೀಪಗಳಲ್ಲಿ ವಿಹಾರ ಮತ್ತು ವ್ಯಾಪಾರ

ಕೆರಿಬಿಯನ್ ಸಮುದ್ರದ ಈಶಾನ್ಯ ಅಂಚಿನಲ್ಲಿ, ಪೋರ್ಟೊರಿಕೋದ ಪೂರ್ವಕ್ಕೆ, ಬ್ರಿಟಿಷ್ ವರ್ಜಿನ್ ದ್ವೀಪಗಳೆಂಬ ಪುಟ್ಟ ಸೀಮೆಯಿದೆ. ಜನವಸತಿಯುಳ್ಳವು, ಇಲ್ಲದವು, ಬರಿಯ ಬಂಡೆಗಳು ಎಲ್ಲವೂ ಸೇರಿ ಸುಮಾರು 60 ದ್ವೀಪಗಳು. ಒಟ್ಟು ನೆಲ 153 ಚದರ ಕಿ.ಮೀ. ಮಾತ್ರ. ವಿದೇಶಿ ಕಂಪೆನಿಗಳ ನೋಂದಣಿಯಿಂದ ಬರುವ ವರಮಾನವನ್ನು ಬಿಟ್ಟರೆ ಇಲ್ಲಿನ ಜನರ ಜೀವನಾಧಾರ ಪ್ರವಾಸೋದ್ಯಮ. ಅದರಲ್ಲಿಯೂ ಬಾಡಿಗೆ ವಿಹಾರನೌಕೆ. 1969ರಲ್ಲಿ ಚಾರ್ಲಿ ಕ್ಯಾರಿ ದಂಪತಿ ಟೋರ್ಟೊಲಾ ದ್ವೀಪದಲ್ಲಿ ಕೇವಲ ಆರು ಹಾಯಿದೋಣಿಗಳೊಂದಿಗೆ ‘ದಿ ಮೂರಿಂಗ್ಸ್’ ಸಂಸ್ಥೆಯನ್ನು ಆರಂಭಿಸಿದರು. ಇಂದು ಅದು ಜಗತ್ತಿನ ಅನೇಕ ಕಡಲುಗಳಲ್ಲಿ ವ್ಯವಹರಿಸುವ ಸಂಸ್ಥೆಯಾಗಿ ಬೆಳೆದಿದೆ.

ಈ ಉದ್ದಿಮೆ ಇಲ್ಲಿಯೇ ಬೇರೂರಿದ್ದಕ್ಕೆ ಭೂಗೋಳವೇ ಕಾರಣ. ಫ್ರಾನ್ಸಿಸ್ ಡ್ರೇಕ್ ಕಾಲುವೆಯ ಎರಡೂ ಬದಿಗೆ ದ್ವೀಪಗಳು ಸಾಲಾಗಿ ನಿಂತು ಅಲೆಗಳನ್ನು ತಡೆಯುತ್ತವೆ. ಒಂದು ದ್ವೀಪದಿಂದ ಮುಂದಿನದು ಕಣ್ಣಿಗೆ ಕಾಣಿಸುತ್ತದೆ. ಬಹುಪಾಲು ಪಯಣ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಪೂರ್ವ ದಿಕ್ಕಿನಿಂದ ಎಡೆಬಿಡದೆ ಬೀಸುವ ಗಾಳಿಗೆ ನಮ್ಮ ಭೂಗೋಳ ಪಠ್ಯಗಳಲ್ಲಿ ವಾಣಿಜ್ಯ ಮಾರುತವೆಂದು ಹೆಸರು. ಈ ದ್ವೀಪಗಳ ಮಟ್ಟಿಗೆ ಆ ಹೆಸರು ಅಕ್ಷರಶಃ ಸತ್ಯ.

ದೋಣಿ ನಡೆಸಲು ಬಲ್ಲವರು ಬರಿಯ ದೋಣಿಯನ್ನು ಬಾಡಿಗೆಗೆ ಪಡೆಯುತ್ತಾರೆ. ಅರಿಯದವರಿಗೆ ನಾವಿಕರ ಸಹಿತ ನೌಕೆ. ಸಾಮಾನ್ಯವಾಗಿ ಇದು 50ರಿಂದ 60 ಅಡಿ ಉದ್ದದ, ಜೋಡಿ ಒಡಲಿನ ಕ್ಯಾಟಮರಾನ್. ನಡೆಸುವವರು ಇಬ್ಬರೇ, ಒಬ್ಬ ಕ್ಯಾಪ್ಟನ್, ಒಬ್ಬ ಅಡುಗೆಯವರು. ಅನೇಕ ವೇಳೆ ಅವರು ಪತಿಪತ್ನಿಯರೇ ಆಗಿರುತ್ತಾರೆ. ಮಾಲೀಕರು ಬೇರೆ, ಗಿರಾಕಿಯನ್ನು ತರುವ ದಲ್ಲಾಳಿ ಬೇರೆ. ಪ್ರತಿ ವರ್ಷ ಹಂಗಾಮಿಗೆ ಮುನ್ನ ನಡೆಯುವ ನೌಕಾ ಮೇಳದಲ್ಲಿ ದಲ್ಲಾಳಿಗಳು ನೌಕೆಯಿಂದ ನೌಕೆಗೆ ಹತ್ತಿಳಿದು ಕೋಣೆಗಳನ್ನು ಪರಿಶೀಲಿಸುತ್ತಾರೆ, ಅಡುಗೆಯ ರುಚಿ ನೋಡುತ್ತಾರೆ, ನಾವಿಕರ ಮಾತುಕತೆಯನ್ನು ಅಳೆಯುತ್ತಾರೆ. ವಾರಪೂರ್ತಿ ಅದೇ ನಾಲ್ಕು ಗೋಡೆಗಳ ನಡುವೆ ಇರಬೇಕಾದಲ್ಲಿ ದೋಣಿಯ ಹೊಳಪಿಗಿಂತ ನಾವಿಕರ ಸ್ವಭಾವವೇ ಮುಖ್ಯವೆಂಬುದು ಅವರಿಗೆ ತಿಳಿದ ವಿಷಯ.

ದರ ಎರಡು ಬಗೆಯದು. ಕ್ಯಾಟಮರಾನ್‌ಗಳಲ್ಲಿ ಊಟ, ಪಾನೀಯ, ಇಂಧನವೆಲ್ಲ ಸೇರಿದ ಒಂದೇ ದರ ವಾಡಿಕೆ. ದೊಡ್ಡ ಯಂತ್ರನೌಕೆಗಳಲ್ಲಿ ಮೂಲ ಬಾಡಿಗೆಯ ಮೇಲೆ ಶೇ. 25ರಿಂದ 35ರಷ್ಟು ಖರ್ಚಿನ ಮುಂಗಡವನ್ನು ಕ್ಯಾಪ್ಟನ್ ಕೈಗೆ ಒಪ್ಪಿಸಬೇಕು. ಅವನು ಲೆಕ್ಕವಿಟ್ಟು ಉಳಿದದ್ದನ್ನು ಹಿಂದಿರುಗಿಸುತ್ತಾನೆ. ಎರಡರಲ್ಲಿಯೂ ನಾವಿಕರ ಭಕ್ಷೀಸು ಪ್ರತ್ಯೇಕ. ಮೊದಲ ಬಾರಿಗೆ ಹೋಗುವವರು ಎರಡು ದರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಎಡವುವುದು ಇಲ್ಲಿಯೇ.

ಪ್ರಯಾಣಕ್ರಮವನ್ನು ಗಾಳಿಯೇ ನಿರ್ಧರಿಸುತ್ತದೆ. ಮೊದಲ ದಿನಗಳಲ್ಲಿ ಗಾಳಿಗೆ ಎದುರಾಗಿ ಪೂರ್ವಕ್ಕೆ ಸಾಗಿ, ಕೊನೆಯಲ್ಲಿ ಅದರ ಬೆನ್ನೇರಿ ಹಿಂದಿರುಗುವುದು ಜಾಣತನ. ಹೂತಿಟ್ಟ ನಿಧಿಯ ಕಥೆಗಳಿಗೆ ಹೆಸರಾದ ನಾರ್ಮನ್ ದ್ವೀಪದಲ್ಲಿ ಮೊದಲ ಲಂಗರು. ಮುಂದೆ ಸಾಲ್ಟ್ ದ್ವೀಪ. ಹಿಂದೆ ಇಲ್ಲಿನ ಕೊಳಗಳಲ್ಲಿ ಉಪ್ಪು ತೆಗೆದು, ವರ್ಷಕ್ಕೊಂದು ಚೀಲವನ್ನು ಇಂಗ್ಲೆಂಡಿನ ದೊರೆಗೆ ಗೇಣಿಯಾಗಿ ಸಲ್ಲಿಸುವ ಪದ್ಧತಿಯಿತ್ತು. 1867ರ ಅಕ್ಟೋಬರಿನ ಚಂಡಮಾರುತದಲ್ಲಿ ಮುಳುಗಿದ ‘ರೋನ್’ ಎಂಬ ಅಂಚೆ ಹಡಗು ಇದರ ಪಕ್ಕದಲ್ಲಿಯೇ ಮಲಗಿದೆ. ಮುಳುಗುಗಾರರಿಗೆ ಅದೇ ಯಾತ್ರಾಸ್ಥಳ. ವರ್ಜಿನ್ ಗೋರ್ಡಾದ ‘ದಿ ಬಾತ್ಸ್’ ಕಡಲತೀರದಲ್ಲಿ ಮನೆಯಷ್ಟು ದೊಡ್ಡ ಕಗ್ಗಲ್ಲುಗಳು ಒಂದರ ಮೇಲೊಂದು ಒರಗಿ, ನಡುವೆ ನೀರಿನ ಮಂಟಪಗಳಾಗಿವೆ. ಇಲ್ಲಿ ಲಂಗರು ಹಾಕುವಂತಿಲ್ಲ. ಉದ್ಯಾನ ಇಲಾಖೆಯ ತೇಲುಗುಂಡಿಗೆ ಕಟ್ಟಬೇಕು. ಅವು ಸೀಮಿತವಾದ್ದರಿಂದ ಬೆಳಗ್ಗೆ ಬೇಗ ತಲುಪಿದವರಿಗಷ್ಟೇ ದಕ್ಕುತ್ತವೆ.

ಈ ಸಾಲಿನಲ್ಲಿ ಮಿಕ್ಕವುಗಳಂತಲ್ಲದ ದ್ವೀಪ ಅನೆಗಾಡ. ಉಳಿದವು ಬೆಟ್ಟಗಳಾದರೆ ಇದು ಹವಳದ ಹಾಸು. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 28 ಅಡಿಯಷ್ಟೇ. ದೂರದಿಂದ ಮೊದಲು ಕಾಣಿಸುವುದು ನೆಲವಲ್ಲ, ಮರಗಳ ತಲೆ. ಸುತ್ತಲಿನ ಹಾರ್ಸ್‌ಶೂ ಹವಳದಿಬ್ಬ ನೂರಾರು ಹಡಗುಗಳನ್ನು ಒಡೆದಿದೆ. ತಾವೇ ದೋಣಿ ನಡೆಸುವ ಗಿರಾಕಿಗಳಿಗೆ ಬಹುಕಾಲ ಇಲ್ಲಿಗೆ ಹೋಗಲು ಅನೇಕ ಸಂಸ್ಥೆಗಳ ಅನುಮತಿಯೇ ಇರಲಿಲ್ಲ. ನಾವಿಕರ ಸಹಿತ ನೌಕೆಗೆ ಕೊಟ್ಟ ಹೆಚ್ಚಿನ ಹಣದ ಸಾರ್ಥಕತೆ ಇಲ್ಲಿ ಅರಿವಾಗುತ್ತದೆ. ದ್ವೀಪದವರ ಸರಕು ಒಂದೇ: ಲಾಬ್‌ಸ್ಟರ್. ರಾತ್ರಿಯ ಊಟಕ್ಕೆ ಎಷ್ಟು ಬೇಕೆಂದು ಮಧ್ಯಾಹ್ನವೇ ತಿಳಿಸಬೇಕು. ಬಂದ ಬೇಡಿಕೆಗೆ ತಕ್ಕಷ್ಟನ್ನೇ ತಂದು, ಸೀಳಿದ ಎಣ್ಣೆ ಪೀಪಾಯಿಗಳ ಕೆಂಡದ ಮೇಲೆ ತೀರದಲ್ಲಿಯೇ ಸುಡುತ್ತಾರೆ. ದಾಸ್ತಾನಿಲ್ಲ, ನಷ್ಟವಿಲ್ಲ; ಬೆಲೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ನಿರೀಕ್ಷಿಸುವಂತಿಲ್ಲ.

ಅಲ್ಲಿಂದ ಗಾಳಿಯ ಜೊತೆಗೆ ಇಳಿದರೆ ಯೋಸ್ಟ್ ವ್ಯಾನ್ ಡೈಕ್. ಇಲ್ಲಿನ ‘ಸಾಗಿ ಡಾಲರ್’ ಎಂಬ ಪಾನಗೃಹಕ್ಕೆ ದೋಣಿಕಟ್ಟೆಯಿಲ್ಲ. ಈಜಿ ಬಂದವರ ಜೇಬಿನಲ್ಲಿ ಡಾಲರು ತೊಯ್ದಿರುತ್ತಿದ್ದುದರಿಂದಲೇ ಆ ಹೆಸರು. 1970ರ ದಶಕದಲ್ಲಿ ರಮ್, ಅನಾನಸ್, ಕಿತ್ತಳೆ, ತೆಂಗಿನ ಕೆನೆ ಬೆರೆಸಿ ಜಾಯಿಕಾಯಿ ತುರಿದು ಕೊಟ್ಟ ‘ಪೇನ್‌ಕಿಲ್ಲರ್’ ಪಾನೀಯ ಹುಟ್ಟಿದ್ದು ಇಲ್ಲಿ. ಆದರೆ ಅಮೆರಿಕದಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡದ್ದು ಪಾನಗೃಹವಲ್ಲ, ‘ಪಸ್ಸರ್ಸ್’ ರಮ್ ಸಂಸ್ಥೆ. 2011ರಲ್ಲಿ ಅದೇ ಹೆಸರಿಟ್ಟುಕೊಂಡಿದ್ದ ನ್ಯೂಯಾರ್ಕಿನ ಅಂಗಡಿಯೊಂದರ ಮೇಲೆ ಸಂಸ್ಥೆ ದಾವೆ ಹೂಡಿತು. ಅಂಗಡಿ ಹೆಸರು ಬದಲಿಸಿಕೊಳ್ಳಬೇಕಾಯಿತು. ಟ್ರೇಡ್‌ಮಾರ್ಕ್ ಅರ್ಜಿಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತ ಬಂದವರು ಈ ತೀರದಲ್ಲಿ ತುಸು ಹೆಚ್ಚು ಹೊತ್ತು ಕುಳಿತಿದ್ದರೂ ಕಾಲಹರಣವಲ್ಲ.

ಈ ವ್ಯವಸ್ಥೆಯೆಲ್ಲ 2017ರ ಸೆಪ್ಟೆಂಬರ್ 6ರಂದು ಬುಡಮೇಲಾಯಿತು. ಐದನೆಯ ದರ್ಜೆಯ ಇರ್ಮಾ ಚಂಡಮಾರುತದ ಕಣ್ಣು ದ್ವೀಪಗಳ ಮೇಲೆಯೇ ಹಾದುಹೋಯಿತು. ರಕ್ಷಣೆಗೆಂದು ಟೋರ್ಟೊಲಾದ ಪರಾಕೀಟಾ ಕೊಲ್ಲಿಯಲ್ಲಿ ಒತ್ತೊತ್ತಾಗಿ ಕಟ್ಟಿದ್ದ ನೂರಾರು ನೌಕೆಗಳು ಒಂದರ ಮೇಲೊಂದು ರಾಶಿಬಿದ್ದವು. ವರ್ಜಿನ್ ಗೋರ್ಡಾದ ಬಿಟರ್ ಎಂಡ್ ಯಾಟ್ ಕ್ಲಬ್ ನೆಲಸಮವಾಯಿತು. ನವೀಕರಣಕ್ಕೆಂದು ಮುಚ್ಚಿದ್ದ, 1964ರಷ್ಟು ಹಳೆಯ ಲಿಟಲ್ ಡಿಕ್ಸ್ ಬೇ ಹೋಟೆಲು ಮತ್ತೆ ತೆರೆದದ್ದು 2020ರಲ್ಲಿ. ನೌಕೆಗಳು ಮಾತ್ರ ಅದೇ ಡಿಸೆಂಬರಿನಲ್ಲಿ ಅತಿಥಿಗಳನ್ನು ಹತ್ತಿಸಿಕೊಳ್ಳತೊಡಗಿದವು. ಹಾಸಿಗೆ, ನೀರು, ವಿದ್ಯುತ್ತು ಮೂರನ್ನೂ ಹೊತ್ತು ತಿರುಗುವ ನೌಕೆಗೆ ನಿಲ್ಲಲು ಒಂದು ಕೊಲ್ಲಿಯಿದ್ದರೆ ಸಾಕು. ಛಾವಣಿ ಹಾರಿಹೋದ ತೀರದ ಅಂಗಡಿಗಳವರು ಮೇಜುಗಳನ್ನು ಮರಳಿನಲ್ಲಿಯೇ ಹಾಕಿ ಮೊದಲ ಗಿರಾಕಿಗಳನ್ನು ಎದುರುಗೊಂಡರು.

ಆ ಗಿರಾಕಿಯ ಹಣ ಯಾರ ಪಾಲಿಗೆ ಎಂಬುದೇ ಈಗಿನ ವಿವಾದ. ಪಕ್ಕದಲ್ಲಿ ಅಮೆರಿಕಕ್ಕೆ ಸೇರಿದ ಸೇಂಟ್ ಥಾಮಸ್ ದ್ವೀಪವಿದೆ. ಅಲ್ಲಿ ನೆಲೆಸಿದ ಅನೇಕ ನೌಕೆಗಳು ಅತಿಥಿಗಳನ್ನೂ ದಿನಸಿಯನ್ನೂ ಅಲ್ಲಿಯೇ ಹತ್ತಿಸಿಕೊಂಡು ಬ್ರಿಟಿಷ್ ದ್ವೀಪಗಳಲ್ಲಿ ವಾರ ಕಳೆಯುತ್ತವೆ. ಕೊಲ್ಲಿ ನಮ್ಮದು, ವ್ಯಾಪಾರ ಅವರದು ಎಂಬ ಅಸಮಾಧಾನ ಟೋರ್ಟೊಲಾದಲ್ಲಿ ಹಳೆಯದು. 2025ರಲ್ಲಿ ಬ್ರಿಟಿಷ್ ದ್ವೀಪಗಳ ಸರಕಾರ ಹೊರಗಿನ ನೌಕೆಗಳ ಪರವಾನಗಿ ಶುಲ್ಕವನ್ನು ಗಣನೀಯವಾಗಿ ಏರಿಸಿದಾಗ ಸೇಂಟ್ ಥಾಮಸಿನ ನೌಕಾ ಮಾಲೀಕರು ಪ್ರಬಲವಾಗಿ ಪ್ರತಿಭಟಿಸಿದರು. ಎರಡು ದಡಗಳ ನಡುವೆ ಹಾಯಿದೋಣಿಗೆ ಅರ್ಧ ದಿನದ ದಾರಿ. ಅದೇ ನೀರು, ಅದೇ ಡಾಲರು.

ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗಿನ ಹಂಗಾಮಿಗೆ ಹೋಗಬಯಸುವವರು ಬಹಳ ಮುಂಚೆಯೇ ಕಾದಿರಿಸಬೇಕು. ಕ್ರಿಸ್‌ಮಸ್ ವಾರಗಳಿಗೆ ದರವೂ ಬೇರೆ. ಕರಾರಿಗೆ ರುಜು ಹಾಕುವಾಗ ಅರ್ಧದಷ್ಟು ಮೊತ್ತ ಕಟ್ಟುವುದು ಪದ್ಧತಿ. ಅದಕ್ಕೆ ಮುನ್ನ ನೌಕೆಯ ನೆಲೆ ಟೋರ್ಟೊಲಾವೋ ಸೇಂಟ್ ಥಾಮಸೋ, ಪರವಾನಗಿ ಮತ್ತು ಸುಂಕದ ವೆಚ್ಚ ದರದಲ್ಲಿ ಅಡಕವಾಗಿದೆಯೋ ಇಲ್ಲವೋ, ಚಂಡಮಾರುತದಿಂದ ಪ್ರಯಾಣ ತಪ್ಪಿದರೆ ಮುಂಗಡದ ಗತಿಯೇನು ಎಂಬ ಮೂರು ಪ್ರಶ್ನೆಗಳಿಗೆ ದಲ್ಲಾಳಿಯಿಂದ ಲಿಖಿತ ಉತ್ತರ ಪಡೆದಿರುವುದು ಕ್ಷೇಮ.