ಹಳ್ಳದ ದಂಡೆಗೆ ಗೋಡೆ: ಕಟ್ಟುವ ಮೊದಲು ಜೌಗಿನ ಲೆಕ್ಕ ಹಾಕಿ

ಹಳ್ಳದ ದಂಡೆ ಕುಸಿದು ಹೊಲ ಕೊಚ್ಚಿ ಹೋಗುವಾಗ ಯಾವ ರೈತನೂ ಸುಮ್ಮನೆ ಕೂರೋದಿಲ್ಲ. ಕಲ್ಲಿನ ಗೋಡೆ ಕಟ್ಟಿಸಿ ಅಂತ ಪಂಚಾಯ್ತಿಗೆ ಅರ್ಜಿ ಕೊಡುತ್ತಾನೆ. ಅರ್ಜಿ ಕೊಡೋದು ಸರಿಯೇ. ಆದರೆ ಗೋಡೆಯಿಂದ ಉಳಿಯುವ ಮಣ್ಣಿನ ಲೆಕ್ಕದ ಜೊತೆಗೆ, ಅದರಿಂದ ಒಣಗುವ ಜೌಗಿನ ಲೆಕ್ಕವನ್ನೂ ಹಾಕಬೇಕು. ಇದಕ್ಕೆ ಇಂಜಿನಿಯರೇ ಬೇಕೆಂದಿಲ್ಲ. ಗುದ್ದಲಿ, ಅಳತೆ ಟೇಪು, ನಾಲ್ಕು ಗೂಟ, ಒಂದು ನೋಟ್ ಪುಸ್ತಕ ಸಾಕು. ಏಳನೇ ಕ್ಲಾಸು ಓದಿದ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕೊರೆತ ಹೆಚ್ಚಿದ್ದು ಯಾಕೆ?

ನನ್ನದು ಜಾಲಹಳ್ಳಿಯ ಆಚೆ, ಹೆಸರಘಟ್ಟದ ದಿಕ್ಕಿಗಿರುವ ಎರಡೂವರೆ ಎಕರೆ ಖುಷ್ಕಿ. ರಾಗಿ, ಅವರೆ, ತೊಗರಿ ಬೆಳೆ. ಹೊಲದ ಕೆಳಗೆ ಹಳ್ಳ, ಹಳ್ಳದ ಮಗ್ಗುಲಿಗೆ ಜೌಗು, ಅದರಾಚೆ ಕೆರೆ ಅಂಗಳ.

ಜಾಲಹಳ್ಳಿಗೆ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆ ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಆಮೇಲೆ ಬಡಾವಣೆಗಳು. ರಾಗಿ ಹೊಲ ಮಳೆ ನೀರು ಕುಡಿಯುತ್ತೆ, ಶೀಟಿನ ಸೂರು, ಟಾರು ರಸ್ತೆ ಕುಡಿಯೋದಿಲ್ಲ. ಮೊದಲು ಒಂದು ದಿನ ಹರಿಯುತ್ತಿದ್ದ ನೀರು ಈಗ ಒಂದೆರಡು ಗಂಟೆಯಲ್ಲಿ ನುಗ್ಗುತ್ತೆ. ಹಾಗೆ ನುಗ್ಗುವ ನೀರು ದಂಡೆಯನ್ನು ಮಾತ್ರವಲ್ಲ, ಹಳ್ಳದ ತಳವನ್ನೂ ಕೊರೆಯುತ್ತೆ.

ಗೋಡೆ ಏನು ಮಾಡುತ್ತೆ?

ಗೋಡೆ ತನ್ನ ಹಿಂದಿನ ಮಣ್ಣನ್ನು ಉಳಿಸುತ್ತೆ, ಇದು ನಿಜ. ಆದರೆ ಎರಡೂ ಕಡೆ ನುಣ್ಣಗೆ ಗೋಡೆ ಕಟ್ಟಿದರೆ ನೀರಿನ ಓಟ ಹೆಚ್ಚಾಗುತ್ತೆ. ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿಂದ ಮುಂದಿನ ದಂಡೆ, ಅಂದರೆ ಕೆಳಗಿನ ರೈತನ ದಂಡೆ, ಕೊರೆಯೋಕೆ ಶುರುವಾಗುತ್ತೆ. ತಳ ಗಟ್ಟಿ ಇಲ್ಲದಿದ್ದರೆ ಹಳ್ಳ ಇನ್ನೂ ಆಳಕ್ಕಿಳಿಯುತ್ತೆ. ಹಳ್ಳ ಎರಡು ಅಡಿ ಇಳಿದರೆ ಪಕ್ಕದ ಜೌಗಿನ ನೀರೂ ಅದರ ಹಿಂದೆಯೇ ಬಸಿದು ಇಳಿಯುತ್ತೆ. ಜೊತೆಗೆ, ದಂಡೆ ಮೀರಿ ಜೌಗಿನ ಮೇಲೆ ಹರಡುತ್ತಿದ್ದ ಕೆಂಪು ನೀರು ಹರಡದೆ, ಹೂಳನ್ನು ಹೊತ್ತುಕೊಂಡು ನೇರ ಕೆರೆಗೆ ನುಗ್ಗುತ್ತೆ.

ಹಾಗಂತ ಏನೂ ಮಾಡದೆ ಬಿಟ್ಟರೂ ಕಷ್ಟವೇ. ಕುಸಿದ ದಂಡೆಯ ಮಣ್ಣು ಜೌಗನ್ನೂ ಕೆರೆಯನ್ನೂ ಮುಚ್ಚುತ್ತೆ. ಅದಕ್ಕೇ ಲಾಭ, ನಷ್ಟ ಎರಡನ್ನೂ ಬರೆದು ನೋಡಬೇಕು ಅನ್ನೋದು.

ಜೌಗು ದಂಡದ ನೆಲ ಅಲ್ಲ. ಬೇಸಿಗೆಯಲ್ಲಿ ದನಕ್ಕೆ ಹಸಿಮೇವು ಅಲ್ಲೇ. ಕಪ್ಪೆ, ಕೊಕ್ಕರೆಗಳ ನೆಲೆಯೂ ಅದೇ. ನೀರು ಸೋಸುವ ಕೆಲಸವನ್ನೂ ಅದು ಮಾಡುತ್ತೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಿದ್ದು ಇದೇ ಕಾರಣಕ್ಕೆ.

ಲೆಕ್ಕ ಹಾಕುವ ಕ್ರಮ

1. ಜೌಗಿನ ಎಲ್ಲೆ ಗುರುತಿಸಿ. ಬೇಸಿಗೆಯಲ್ಲಿ ಮೇಲೆ ಒಣಗಿದ್ದರೂ ಒಂದು ಅಡಿ ಅಗೆದು ನೋಡಿ. ಬೂದು ಬಣ್ಣದ ಮಣ್ಣು, ಅದರಲ್ಲಿ ತುಕ್ಕಿನಂಥ ಚುಕ್ಕೆ ಇದ್ದರೆ ಅಲ್ಲಿ ವರ್ಷದಲ್ಲಿ ಬಹುಕಾಲ ನೀರು ನಿಲ್ಲುತ್ತೆ ಅಂತ ಅರ್ಥ. ಜೊಂಡು, ಹೊನಗೊನೆ, ಒಂದೆಲಗ ಒಟ್ಟಿಗೆ ಬೆಳೆದಿದ್ದರೆ ಅದೂ ಒಂದು ಗುರುತು. ಎಲ್ಲೆಗೆ ಗೂಟ ಹೊಡೆದು ಅಳೆಯಿರಿ.

2. ನುಂಗುವ ನೆಲ ಅಳೆಯಿರಿ. ಗೋಡೆ 330 ಅಡಿ ಉದ್ದ, ಪಾಯ ಮತ್ತು ಹಿಂದಿನ ಮಣ್ಣು ತುಂಬುವ ಜಾಗ ಸೇರಿ 10 ಅಡಿ ಅಗಲ ಅಂತಿಟ್ಟುಕೊಳ್ಳಿ. 3,300 ಚದರ ಅಡಿ, ಅಂದರೆ ಸುಮಾರು 3 ಗುಂಟೆ. ಇದು ಶಾಶ್ವತ ನಷ್ಟ. ಜೆ.ಸಿ.ಬಿ. ಓಡಾಡಲು 13 ಅಡಿ ದಾರಿ ಬಿಟ್ಟರೆ ಇನ್ನು 4 ಗುಂಟೆ. ಇದು ತಾತ್ಕಾಲಿಕ, ಆದರೆ ಯಂತ್ರ ತುಳಿದು ಗಟ್ಟಿಯಾದ ನೆಲವನ್ನು ಸಡಿಲ ಮಾಡಿಸಿದರೆ ಮಾತ್ರ. ಎರಡನ್ನೂ ಬೇರೆ ಬೇರೆ ಬರೆಯಿರಿ.

3. ನೆಲದ ನೀರು ಅಳೆಯಿರಿ. ಆರಡಿ ಪಿ.ವಿ.ಸಿ. ಪೈಪಿನ ಕೆಳಭಾಗಕ್ಕೆ ತೂತು ಹೊಡೆದು ಜೌಗಿನಲ್ಲಿ ಹೂತು ಮುಚ್ಚಳ ಹಾಕಿ. ಹದಿನೈದು ದಿನಕ್ಕೊಮ್ಮೆ ಕಡ್ಡಿ ಇಳಿಸಿ ನೀರಿನ ಆಳ ಬರೆಯಿರಿ. ಕೆಲಸಕ್ಕೆ ಒಂದು ವರ್ಷ ಮುಂಚೆಯಿಂದಲೇ ಶುರು ಮಾಡಿದರೆ ಒಳ್ಳೇದು.

4. ಕೆಲಸ ಮುಟ್ಟದ ಜಾಗದಲ್ಲೂ ಒಂದು ಪೈಪು ಹಾಕಿ. ಅರ್ಕಾವತಿ ಒಣಗಿದ್ದು ಯಾಕೆ ಅಂತ ಸಂಶೋಧಕರು ಹುಡುಕಿ 2015ರಲ್ಲಿ ಪ್ರಕಟಿಸಿದ್ದರು. ಮಳೆ ಕಮ್ಮಿ ಆದದ್ದಕ್ಕಿಂತ ಬೋರ್‌ವೆಲ್ ಎತ್ತುವಳಿ, ನೀಲಗಿರಿ ತೋಪು ಮುಖ್ಯ ಕಾರಣ ಅಂತ ಅವರಿಗೆ ಕಂಡಿತ್ತು. ನಮ್ಮ ಜೌಗಿಗೂ ಆ ಕಾರಣ ಇರಬಹುದು. ಎರಡೂ ಪೈಪಿನಲ್ಲಿ ನೀರು ಒಂದೇ ಸಮ ಇಳಿದರೆ ಗೋಡೆಯನ್ನು ದೂರಬೇಡಿ. ಗೋಡೆ ಹತ್ತಿರದ್ದು ಮಾತ್ರ ಇಳಿದರೆ ಗೋಡೆಯದೇ ಕೆಲಸ.

5. ಕೆಳಗಿನ ದಂಡೆ ಮತ್ತು ಎದುರು ದಂಡೆ ನೋಡಿ. ಅಂಚಿನಿಂದ ಹತ್ತಡಿ ಒಳಗೆ ಗೂಟ ಹೊಡೆಯಿರಿ. ಹಸ್ತ, ಚಿತ್ತೆ ಮಳೆ ಕಳೆದ ಮೇಲೆ ಗೂಟದಿಂದ ಅಂಚಿಗೆ ಎಷ್ಟು ಉಳಿದಿದೆ ಅಳೆಯಿರಿ. ಏಳೇ ಅಡಿ ಉಳಿದಿದ್ದರೆ ಮೂರಡಿ ಹೋಯಿತು.

ಗೋಡೆ ಬಿಟ್ಟು ಬೇರೆ ದಾರಿ

ದಂಡೆಯಿಡೀ ಗೋಡೆ ಬೇಕಾಗೋದು ಅಪರೂಪ. ನೀರು ಬಡಿಯುವ ತಿರುವಿನಲ್ಲಿ ಬುಡಕ್ಕೆ ಮಾತ್ರ ದಪ್ಪ ಕಲ್ಲು ಜೋಡಿಸಿ, ಗಾರೆ ಬೇಡ, ಸಂದಿಯಲ್ಲಿ ನೀರು ಆಡಲಿ. ಉಳಿದ ಕಡೆ ನೆಟ್ಟಗೆ ನಿಂತ ದಂಡೆಯನ್ನು ಇಳಿಜಾರು ಮಾಡಿ, ಮಳೆ ಶುರುವಿನಲ್ಲಿ ಲಕ್ಕಿ ಕಡ್ಡಿ ನೆಡಿ. ಲಕ್ಕಿ ಕಡ್ಡಿಯಿಂದಲೇ ಬೇರು ಬಿಡುತ್ತೆ, ಆಡು ಕುರಿ ಅಷ್ಟಾಗಿ ಬಾಯಿ ಹಾಕೋದಿಲ್ಲ. ಮಧ್ಯೆ ಲಾವಂಚವನ್ನು ಅರ್ಧ ಗೇಣಿಗೊಂದರಂತೆ ಅಡ್ಡಸಾಲಿನಲ್ಲಿ ಹಾಕಿ. ಮೇಲಂಚಿಗೆ ಹೊಂಗೆ. ಇದರ ಜೊತೆ ಮೇಲಿನ ಹೊಲಗಳ ಬದು ಸರಿ ಇರಬೇಕು. ಮನೆ ಅಥವಾ ದಾರಿ ಬೀಳುವಂತಿರುವ ಕಡೆ ಮಾತ್ರ ಗೋಡೆ ಇರಲಿ, ಅದಕ್ಕೂ ನೀರು ಬಸಿಯಲು ತೂತು ಬಿಡಿಸಿ.

ಕಾನೂನು ಕಾಯುತ್ತೆ ಅಂತ ಕೂರುವಂತಿಲ್ಲ

ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶ ನಿಯಮಗಳು ನದಿ ಪಾತ್ರ, ಭತ್ತದ ಗದ್ದೆ, ನೀರಾವರಿಗಾಗಿಯೇ ಕಟ್ಟಿದ ರಚನೆ ಇವನ್ನೆಲ್ಲ ಹೊರಗಿಟ್ಟಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿದವು. ಅವೂ ಜನ ಕಟ್ಟಿದ ಕೆರೆಗಳೇ. ಆದರೆ ಊರೂರಿನ ಹಳ್ಳದ ಜೌಗಿಗೆ ಆ ಭಾಗ್ಯ ಬರೋದಿಲ್ಲ. ಅಮೆರಿಕದಲ್ಲಿ ದಂಡೆ ಕೆಲಸಕ್ಕೆ ಸುಲಭದ ಪರವಾನಗಿಯೊಂದಿದೆ. ಅದಕ್ಕೂ ಸಾಮಾನ್ಯವಾಗಿ 500 ಅಡಿ ಉದ್ದದ ಮಿತಿ ಇಟ್ಟಿದ್ದಾರೆ. ನಮ್ಮ ಹಳ್ಳಕ್ಕೆ ಮಿತಿ ಹಾಕಬೇಕಾದವರು ನಾವೇ.

ಹಾಗಾಗಿ ಗ್ರಾಮಸಭೆಗೆ ಹೋಗುವಾಗ ಒಂದು ಹಾಳೆಯಲ್ಲಿ ಐದು ವಿಷಯ ಬರೆದುಕೊಂಡು ಹೋಗಿ: ಜೌಗು ಎಷ್ಟು ಗುಂಟೆ, ಶಾಶ್ವತವಾಗಿ ಹೋಗೋದೆಷ್ಟು, ತಾತ್ಕಾಲಿಕ ಎಷ್ಟು, ನೆಲದ ನೀರು ಎಷ್ಟು ಅಡಿಯಲ್ಲಿದೆ, ಕೆಳಗಿನ ದಂಡೆ ಯಾರದು. ಆ ಕೆಳಗಿನ ರೈತನನ್ನೂ ಸಭೆಗೆ ಕರೆದುಕೊಂಡು ಹೋಗಿ. ಹಾಳೆಯ ನಕಲನ್ನು ಅಂದಾಜು ಪಟ್ಟಿಯ ಜೊತೆ ಲಗತ್ತಿಸಲು ಕೇಳಿ. ಬಾಯಿಮಾತಿನ ತಕರಾರಿಗೆ ಬೆಲೆ ಕಮ್ಮಿ, ಅಂಕಿ ಇಟ್ಟರೆ ಇಂಜಿನಿಯರೂ ಕೂತು ಮಾತಾಡುತ್ತಾರೆ. ಈ ವರ್ಷ ನಿಮ್ಮ ಹಳ್ಳಕ್ಕೆ ಕೆಲಸ ಬರುವಂತಿದ್ದರೆ ಭರಣಿ ಮಳೆಗೆ ಮುಂಚೆ ಗೂಟ ಹೊಡೆದುಬಿಡಿ.